ಹತ್ತಕ್ಕೆ ಹನ್ನೆರಡರ ರೂಮಲ್ಲಿ ಜಿಂಜರ್ ಬಿಯರ್: ದಾವಣಗೆರೆ ಬಿಸಿಲಲ್ಲಿ ನಾಲ್ಕು ಬ್ಯಾಚು

ಮಾರ್ಚ್ 12

ಜಿಂಜರ್ ಬಿಯರ್ ಅಂದ್ರೆ ಹುದುಗಿಸಿ ಗ್ಯಾಸ್ ಬರ್ಸಿದ ಶುಂಠಿ ಪಾನಕ. ಅದಕ್ಕೆ ಹೆಪ್ಪಿನ ಥರ ಹಾಕೋ ಶುಂಠಿ ಬಗ್ ಶುರು ಮಾಡಿ ಆರು ದಿನ ಆಗಿತ್ತು, ಇವತ್ತು ಬೆಳಿಗ್ಗೆ ಪೂರ್ತಿ ಚೆಲ್ಲಿಬಿಟ್ಟೆ. ಸ್ಪೂನ್ ಅದ್ದಿ ಎತ್ತಿದ್ರೆ ಬೆಂಡೆಕಾಯಿ ಲೋಳೆ ಥರ ದಾರದಾರ ಎಳೀತಿತ್ತು. ಗುಳ್ಳೆ ಬರ್ತಿತ್ತು, ವಾಸನೆನೂ ಕೆಟ್ಟಿರ್ಲಿಲ್ಲ, ಆದ್ರೆ ಆ ಲೋಳೆನ ನಾಲ್ಕು ಲೀಟರ್ ಪಾನಕಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ.

ಬಗ್ ಅಂದ್ರೆ ಬೇರೇನಲ್ಲ, ಸಿಪ್ಪೆ ತೆಗೀದೆ ತುರಿದ ಶುಂಠಿ, ಸಕ್ಕರೆ, ನೀರು. ಶುಂಠಿ ಸಿಪ್ಪೆ ಮೇಲೇ ಕಾಡು ಯೀಸ್ಟು, ಹುಳಿ ಬರ್ಸೋ ಬ್ಯಾಕ್ಟೀರಿಯಾ ಎರಡೂ ಇರ್ತಾವೆ, ದಿನಾ ಒಂದೊಂದು ಸ್ಪೂನ್ ಶುಂಠಿ ಸಕ್ಕರೆ ಹಾಕ್ತಾ ಹೋದ್ರೆ ಅವು ಬೆಳೀತಾವೆ. ಲೋಳೆ ಮಾಡೋದು ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಜಾತಿ. ಇದೇನು ಹೊಸ ಪ್ರಾಣಿ ಅಲ್ಲ, ಇಡ್ಲಿ ಹಿಟ್ಟು ಉಬ್ಬಿಸೋ ಗುಂಪಲ್ಲೂ ಇದೇ ಐತೆ, ಆದ್ರೆ ಬರೀ ಸಕ್ಕರೆ ಸಿಕ್ಕಿದ್ರೆ ಡೆಕ್ಸ್ಟ್ರಾನ್ ಅಂತ ಒಂದು ಅಂಟು ಕಟ್ಟುತ್ತೆ. ಸಕ್ಕರೆ ಫ್ಯಾಕ್ಟರಿಲಿ ಕಬ್ಬು ಅರೆಯೋದು ತಡ ಆದ್ರೆ ರಸ ಲೋಳೆ ಆಗೋದೂ ಇದರಿಂದ್ಲೇ.

ಇದ್ರ ಮೇಲೆ ಹೇಳ್ಬೇಕಾದ್ದು ಒಂದೈತೆ. ನನಗೆ ಆಸೆ ಇದ್ದಿದ್ದು ಬಾರ್ಲಿ ಮಾಲ್ಟು, ಹಾಪ್ಸ್ ಹಾಕಿ ನಿಜವಾದ ಬಿಯರ್ ಮಾಡ್ಬೇಕು ಅಂತ. ಆದ್ರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ದೆ ಮನೇಲಿ ಮದ್ಯ ತಯಾರಿಸೋದು ಅಪರಾಧ, ಒಂದು ಲೀಟರ್ ಆದ್ರೂ ಅಷ್ಟೇ. ಹಂಗಾಗಿ ಆಲ್ಕೋಹಾಲ್ 0.5 ಪರ್ಸೆಂಟ್ ದಾಟದಂಗೆ ಜಿಂಜರ್ ಬಿಯರ್ ಮಾಡೋದು ಅಂತ ತೀರ್ಮಾನ ಮಾಡ್ದೆ. ಬಿಯರ್ ಮಾಡೋರು ಬಳಸೋ ಸಾಮಾನು, ಲೆಕ್ಕ, ಶಿಸ್ತು ಎಲ್ಲಾ ಇದಕ್ಕೂ ಬೇಕು, ಇನ್ನೂ ಒಂದು ಕೈ ಜಾಸ್ತಿನೇ ಬೇಕು ಅಂತ ಈಗ ಗೊತ್ತಾಗ್ತೈತೆ.

ಮಾರ್ಚ್ 19

ಜಾಗದ ವಿಷ್ಯ ಬರೆದಿಡ್ತೀನಿ, ಯಾಕಂದ್ರೆ ಎಲ್ಲಾ ಕಷ್ಟ ಅಲ್ಲಿಂದ್ಲೇ ಬರೋದು. ವಿನೋಬನಗರದಲ್ಲಿ ಎರಡನೇ ಮಹಡಿ ಮೇಲೆ ಒಂದೇ ರೂಮು, ಹತ್ತಕ್ಕೆ ಹನ್ನೆರಡು ಅಡಿ, ಒಂದು ಮಂಚ, ಒಂದೇ ಬರ್ನರಿನ ಸ್ಟೌವು, ಸಿಂಗಲ್ ಡೋರ್ ಫ್ರಿಜ್ಜು. ಮೇಲೆ ನೇರ ಆರ್‌ಸಿಸಿ, ಹಗಲೆಲ್ಲಾ ಕಾದ ತಾರಸಿ ರಾತ್ರಿ ಹನ್ನೊಂದಾದ್ರೂ ಕೆಳಗೆ ಕಾವು ಉಗುಳ್ತಾನೇ ಇರುತ್ತೆ. ಥರ್ಮಾಮೀಟರ್ ತಗೊಂಡು ರೂಮೆಲ್ಲಾ ಅಳೆದೆ. ಶೆಲ್ಫ್ ಮೇಲೆ 36, ಸ್ಟೌವ್ ಪಕ್ಕ 35, ಮಂಚದ ಕೆಳಗೆ ನೆಲಕ್ಕೆ ಅಂಟಿಸಿ ಇಟ್ರೆ 32. ಬರೀ ಎರಡಡಿ ಕೆಳಗೆ ಹೋದ್ರೆ ಇಷ್ಟು ವ್ಯತ್ಯಾಸ.

ಹೊಸ ಬಗ್ಗಿಗೆ ಎರಡು ಬದಲಾವಣೆ ಮಾಡ್ದೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಅದು ಯೀಸ್ಟನ್ನೂ ಬಿಡಲ್ಲ, ಅದಕ್ಕೆ ಕುದಿಸಿ ಆರಿಸಿದ ನೀರು ಹಾಕ್ದೆ. ಎರಡನೇದು, ಮೊದಲ ದಿನದಿಂದ್ಲೇ ಅರ್ಧ ನಿಂಬೆಹಣ್ಣು ಹಿಂಡಿದೆ. ಲ್ಯೂಕೊನಾಸ್ಟಾಕ್‌ಗೆ ಹುಳಿ ಜಾಸ್ತಿ ತಡಿಯಕ್ಕಾಗಲ್ಲ, ಯೀಸ್ಟು ತಡ್ಕೊಳ್ಳುತ್ತೆ. ಮೂರನೇ ದಿನಕ್ಕೇ ಮುಚ್ಚಳ ತೆಗೆದ್ರೆ ಚುಸ್ ಅಂತು, ಕಿವಿ ಹತ್ರ ಇಟ್ರೆ ಸಣ್ಣ ಮಳೆ ಬಿದ್ದಂಗೆ ಚಿಟಿಚಿಟಿ ಸದ್ದು. ಲೋಳೆ ಇಲ್ಲ.

1892ರಲ್ಲಿ ಇಂಗ್ಲೆಂಡಿನ ಹ್ಯಾರಿ ಮಾರ್ಷಲ್ ವಾರ್ಡ್ ಅನ್ನೋ ಸಸ್ಯವಿಜ್ಞಾನಿ ಅಲ್ಲಿನವ್ರು ಜಿಂಜರ್ ಬಿಯರಿಗೆ ಹಾಕ್ತಿದ್ದ 'ಜಿಂಜರ್ ಬಿಯರ್ ಪ್ಲಾಂಟ್' ಅನ್ನೋ ಹೆಪ್ಪನ್ನ ಬಿಡಿಸಿ ನೋಡಿ, ಅದು ಗಿಡ ಅಲ್ಲ, ಒಂದು ಯೀಸ್ಟು ಒಂದು ಬ್ಯಾಕ್ಟೀರಿಯಾ ಒಟ್ಟಿಗೆ ಸಂಸಾರ ಮಾಡ್ತಿರೋದು ಅಂತ ತೋರ್ಸಿದ್ರು. ನನ್ನ ಬಗ್ ಅದೇ ಅಲ್ಲ, ಇದು ಕಾಡು ಗುಂಪು, ಆದ್ರೆ ವಿಚಾರ ಒಂದೇ. ಯಾರ ಕೈ ಮೇಲಾಗ್ಬೇಕು ಅನ್ನೋದನ್ನ ಹುಳಿ, ಕಾವು ಎರಡರಿಂದ ನಾವು ನಿರ್ಧಾರ ಮಾಡ್ಬೋದು.

ಮಾರ್ಚ್ 24, ಬ್ಯಾಚ್ ಒಂದು

150 ಗ್ರಾಂ ಶುಂಠಿ ಜಜ್ಜಿ ಒಂದೂವರೆ ಲೀಟರ್ ನೀರಲ್ಲಿ ಹದಿನೈದು ನಿಮಿಷ ಕುದಿಸಿ, 250 ಗ್ರಾಂ ಸಕ್ಕರೆ ಕರಗಿಸಿ, ಆರಿದ ನೀರು ಸೇರ್ಸಿ ನಾಲ್ಕು ಲೀಟರ್ ಮಾಡಿ, ಎರಡು ನಿಂಬೆ ಹಿಂಡಿ, 120 ಎಂಎಲ್ ಬಗ್ ಸೋಸಿ ಹಾಕ್ದೆ. ಸಂತೇಲಿ ತಂದ ಹೊಸ ಶುಂಠಿ, ಕುದಿಯೋವಾಗ ಕೆಳಗಿನ ಮನೆ ತನಕ ಘಮ ಹೋಗಿತ್ತು. ಓನರ್ ಅಜ್ಜಿ ಮೆಟ್ಟಿಲ ಹತ್ರ ನಿಂತು "ಏನಪ್ಪಾ ಭಟ್ಟಿ ಇಟ್ಟಿಯೇನು" ಅಂತ ಕೇಳಿದ್ರು. ದಾವಣಗೆರೇಲಿ ಭಟ್ಟಿ ಅಂದ್ರೆ ಮೊದಲು ನೆನಪಾಗೋದು ಮಂಡಕ್ಕಿ ಭಟ್ಟಿ, ಆದ್ರೆ ಅಜ್ಜಿ ಕೇಳಿದ್ದು ಆ ಭಟ್ಟಿ ಅಲ್ಲ ಅಂತ ಮುಖ ನೋಡಿದ್ರೇ ಗೊತ್ತಾಯ್ತು. ಸಾರಾಯಿ ಕಾಲ ನೋಡಿದ ಜೀವ ಅದು, ಸಾರಾಯಿ ನಿಂತಿದ್ದೇ 2007ರಲ್ಲಿ. ಮೇಲೆ ಕರ್ಕೊಂಡು ಬಂದು ಎಲ್ಲಾ ತೋರಿಸ್ದೆ, ಶುಂಠಿ ನೀರು ಒಂದು ಲೋಟ ಕೊಟ್ಟೆ, ಮದ್ಯ ಮಾಡಲ್ಲ ಅಂತ ಮಾತೂ ಕೊಟ್ಟೆ. ಮುಚ್ಚಿಟ್ಟು ಮಾಡೋ ಕೆಲಸ ಅಲ್ಲ ಇದು, ಮನೆ ಕೊಟ್ಟೋರಿಗೆ ಗೊತ್ತಿರ್ಲೇಬೇಕು.

ಜಾರು ಮಂಚದ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಿ, ಎರಡು ದಿನ.

ಮಾರ್ಚ್ 26

ಹೈಡ್ರೋಮೀಟರ್ ಅಂದ್ರೆ ಪಾನಕ ನೀರಿಗಿಂತ ಎಷ್ಟು ಭಾರ ಅಂತ ತೋರ್ಸೋ ತೇಲೋ ಕೊಳವೆ, ಬರೀ ನೀರಿಗೆ 1.000, ಯೀಸ್ಟ್ ಸಕ್ಕರೆ ತಿಂದಂಗೆ ಅಂಕಿ ಇಳಿಯುತ್ತೆ. ಅದನ್ನ ಬಿಟ್ಟು ನೋಡಿದ್ರೆ 1.006. ಶುರುನಲ್ಲಿ 1.024 ಇದ್ದಿದ್ದು ಇಷ್ಟು ಇಳಿದಿದ್ದು ನಂಬಕ್ಕಾಗ್ಲಿಲ್ಲ, ಡೌಟು ಬಂದು ಬರೀ ನೀರಲ್ಲಿ ಬಿಟ್ಟೆ, 0.996 ತೋರಿಸ್ತು! ಹೈಡ್ರೋಮೀಟರ್ ಹಾಳಾಗಿಲ್ಲ, ಅದ್ರ ಮೇಲೆ ಸಣ್ಣ ಅಕ್ಷರದಲ್ಲಿ 20 ಡಿಗ್ರಿ ಅಂತ ಬರ್ದೈತೆ. ನನ್ನ ನೀರು 34 ಡಿಗ್ರಿ, ಕಾದ ನೀರು ಹಗುರ, ಅದಕ್ಕೆ ನಾಲ್ಕು ಪಾಯಿಂಟ್ ಕಮ್ಮಿ ತೋರ್ಸುತ್ತೆ. ಶುರುನಲ್ಲಿ ಪಾನಕ ಫ್ರಿಜ್ಜಲ್ಲಿ ಆರಿಸಿ ಅಳೆದಿದ್ದೆ, ಅದು ಸರಿ ಇತ್ತು. ಹಂಗಾಗಿ ನಿಜವಾದ ಲೆಕ್ಕ 1.010. ನಮ್ಮೂರಲ್ಲಿ ಈ ಕೆಲಸ ಮಾಡೋರು ಇದೊಂದನ್ನ ಮರೀಬಾರ್ದು, ಇಂಟರ್ನೆಟ್ಟಲ್ಲಿರೋ ರೆಸಿಪಿ ಎಲ್ಲಾ ಚಳಿ ದೇಶದ ರೂಮಿನ ಲೆಕ್ಕ.

ಆದ್ರೂ 14 ಪಾಯಿಂಟ್, ಅಂದ್ರೆ 0.014 ಇಳಿದೈತೆ. ಇಳಿದಿದ್ದನ್ನ 131 ರಿಂದ ಗುಣಿಸಿದ್ರೆ 1.8 ಪರ್ಸೆಂಟ್ ಆಲ್ಕೋಹಾಲ್. ಎರಡೇ ದಿನಕ್ಕೆ. ನಾಲ್ಕು ಲೀಟರ್ ಪೂರ್ತಿ ಸಿಂಕಿಗೆ ಸುರಿದೆ, ಸುರಿಯೋವಾಗ ಹೊಟ್ಟೆ ಉರೀತು ಆದ್ರೆ ಅಜ್ಜಿಗೆ ಕೊಟ್ಟ ಮಾತು ಐತಲ್ಲ.

ಏಪ್ರಿಲ್ 3

ಒಂದು ವಾರ ಬರೀ ಲೆಕ್ಕ ಮಾಡ್ದೆ. ಯೀಸ್ಟ್ ಸಕ್ಕರೆ ತಿಂದ್ರೆ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಆಲ್ಕೋಹಾಲ್, ಅರ್ಧ ಕಾರ್ಬನ್ ಡೈಆಕ್ಸೈಡ್. ಲೀಟರಿಗೆ 4 ಗ್ರಾಂ ಸಕ್ಕರೆ ಕರಗಿ ಹೋದ್ರೆ ಒಂದು ವಾಲ್ಯೂಮ್ ಗ್ಯಾಸು, ಅಂದ್ರೆ ಒಂದು ಲೀಟರ್ ಪಾನಕದಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದಂಗೆ. 8 ಗ್ರಾಂ ಆದ್ರೆ ಎರಡು ವಾಲ್ಯೂಮ್, ಅಷ್ಟೊತ್ತಿಗೆ ಆಲ್ಕೋಹಾಲ್ 0.5ಕ್ಕೆ ಬಂದು ನಿಂತಿರುತ್ತೆ. ಅಂಗಡಿ ಬಿಯರಲ್ಲಿ ಎರಡೂವರೆ ವಾಲ್ಯೂಮ್ ಇರುತ್ತೆ, ಕೂಲ್‌ಡ್ರಿಂಕ್ಸಲ್ಲಿ ಇನ್ನೂ ಜಾಸ್ತಿ. ಅಂದ್ರೆ ನನಗೆ ಇರೋ ಬಜೆಟ್ಟೇ ಎರಡು ವಾಲ್ಯೂಮ್, ಜಾರಲ್ಲಿ ಬಾಯಿ ತೆಗೆದು ಇಟ್ಟು ಗ್ಯಾಸ್ ಗಾಳಿಗೆ ಬಿಟ್ರೆ ಆಲ್ಕೋಹಾಲ್ ಮಾತ್ರ ಉಳಿಯುತ್ತೆ ನೊರೆ ಸಿಗಲ್ಲ. ಬಗ್ ಹಾಕಿದ ಗಂಟೆಯಲ್ಲೇ ಬಾಟ್ಲಿಗೆ ತುಂಬ್ಬೇಕು, ಒಂದು ಗುಳ್ಳೆನೂ ಹೊರಗೆ ಹೋಗ್ಬಾರ್ದು. ಇದು ತಲೆಗೆ ಹೊಳೆದ ರಾತ್ರಿ ನಿದ್ದೆನೇ ಬರ್ಲಿಲ್ಲ.

ಏಪ್ರಿಲ್ 9, ಬ್ಯಾಚ್ ಎರಡು

ಇವತ್ತು ಮಧ್ಯಾಹ್ನ ಒಂದು ಬಾಟ್ಲಿ ಸಿಡೀತು.

ನಿನ್ನೆ ಸಂಜೆ ತುಂಬಿದ್ದೆ, ಮೂರು ಪೆಟ್ (ಪ್ಲಾಸ್ಟಿಕ್) ಬಾಟ್ಲಿ, ಒಂದು ಗಾಜಿನ ಕ್ಲಿಪ್ ಬಾಟ್ಲಿ. ಗಾಜಿನದು ಆನ್‌ಲೈನಲ್ಲಿ ತರ್ಸಿದ್ದು, ನೋಡಕ್ಕೆ ಚೆನ್ನಾಗಿತ್ತು, ಗಾಜು ತೆಳು ಇತ್ತು, ಅದು ಎಣ್ಣೆ ಹಾಕಿಡೋಕೆ ಮಾಡಿದ್ದು ಅಂತ ಈಗ ಅನ್ಸುತ್ತೆ. ಹನ್ನೆರಡಕ್ಕೆ ಕರೆಂಟ್ ಹೋಯ್ತು, ಫ್ಯಾನ್ ನಿಂತು ರೂಮು 38 ಮುಟ್ಟಿತ್ತು. ನಾನು ಬಾಗಿಲ ಹತ್ರ ಕೂತು ಊಟ ಮಾಡ್ತಿದ್ದೆ, ಮಂಚದ ಕೆಳಗಿಂದ ಪಟಾಕಿ ಹೊಡೆದಂಗೆ ಒಂದೇ ಸದ್ದು. ಗಾಜಿನ ಚೂರು ಎದುರು ಗೋಡೆ ತನಕ ಹಾರಿತ್ತು, ಮಂಡಕ್ಕಿ ಕವರಿಗೆ ಒಂದು ಚೂರು ಚುಚ್ಕೊಂಡು ನಿಂತಿತ್ತು, ಮಂಡಕ್ಕಿ ಪೂರ್ತಿ ಎಸೆದೆ. ಐದು ನಿಮಿಷ ಮುಂಚೆ ನಾನು ಅದೇ ಮಂಚದ ಕೆಳಗೆ ಕೈ ಹಾಕಿ ಪೆಟ್ ಬಾಟ್ಲಿ ಒತ್ತಿ ನೋಡಿದ್ದೆ.

ಕೈ ನಡುಗೋದು ನಿಲ್ಲೋಕೆ ಹೊತ್ತು ಹಿಡೀತು. ಬಿಯರ್ ಮಾಡೋರು ಸಕ್ಕರೆ ಪೂರ್ತಿ ಮುಗಿಯೋ ತನಕ ಕಾದು, ಆಮೇಲೆ ಅಳತೆ ಮಾಡಿ ಸ್ವಲ್ಪ ಸಕ್ಕರೆ ಹಾಕಿ ಬಾಟ್ಲಿ ಮುಚ್ತಾರೆ, ಆ ಸಕ್ಕರೆ ಮುಗಿದ್ರೆ ಗ್ಯಾಸೂ ನಿಂತ್ಹೋಗುತ್ತೆ. ನಂದು ಹಂಗಲ್ಲ, ಬಾಟ್ಲಿ ಒಳಗೆ ಲೀಟರಿಗೆ 60 ಗ್ರಾಂ ಸಕ್ಕರೆ ಕೂತೈತೆ, ಬಿಟ್ರೆ ಹದಿನೈದು ವಾಲ್ಯೂಮ್ ತನಕ ಹೋಗೋಷ್ಟು ಸರಕು. ಅದನ್ನ ನಿಲ್ಸೋದು ಫ್ರಿಜ್ಜಿನ ಥಂಡಿ ಮಾತ್ರ. ಇನ್ಮೇಲೆ ಗಾಜು ರೂಮೊಳಗೆ ಬರಲ್ಲ, ಸೋಡಾ ತುಂಬಿ ಬಂದ ಖಾಲಿ ಪೆಟ್ ಬಾಟ್ಲಿ ಮಾತ್ರ, ಅವನ್ನ ಗ್ಯಾಸಿನ ಒತ್ತಡ ತಡೆಯೋಕೆ ಅಂತಲೇ ಮಾಡಿರ್ತಾರೆ. ನೀರಿನ ಬಾಟ್ಲಿ ಆಗಲ್ಲ, ತೆಳು.

ಏಪ್ರಿಲ್ 14

ಕಾವು ಇಳಿಸೋದೇ ಮುಖ್ಯ, ರೆಸಿಪಿ ಅಲ್ಲ. ಚಿಕ್ಕೋರಿದ್ದಾಗ ಅಮ್ಮ ಬೇಸಿಗೇಲಿ ಮೊಸರು ಗಡಿಗೆನ ಒದ್ದೆ ಬಟ್ಟೆ ಸುತ್ತಿ ಮರಳ ಮೇಲೆ ಇಡ್ತಿದ್ರು, ಅದನ್ನೇ ಮಾಡ್ದೆ. ಬಟ್ಟೆ ಒಗೆಯೋ ಪ್ಲಾಸ್ಟಿಕ್ ಟಬ್ಬಲ್ಲಿ ನಾಲ್ಕು ಇಂಚು ನೀರು, ಅದ್ರೊಳಗೆ ಬಾಟ್ಲಿ ನಿಲ್ಸಿ, ಹಳೇ ಕಾಟನ್ ಲುಂಗಿ ಸುತ್ತಿ ಅದ್ರ ಅಂಚು ನೀರಲ್ಲಿ ಮುಳುಗಿರೋ ಹಂಗೆ ಬಿಟ್ಟು, ಮುಂದೆ ಟೇಬಲ್ ಫ್ಯಾನು. ದೀಪದ ಬತ್ತಿ ಎಣ್ಣೆ ಎಳ್ಕೊಂಡಂಗೆ ಲುಂಗಿ ತಾನೇ ನೀರು ಮೇಲೆ ಎಳ್ಕೊಳ್ಳುತ್ತೆ, ಆ ನೀರು ಆವಿ ಆಗೋವಾಗ ಬಾಟ್ಲಿ ಕಾವು ತಗೊಂಡು ಹೋಗುತ್ತೆ. ರೂಮು 34, ಬಾಟ್ಲಿ ಪಕ್ಕ ನೀರಲ್ಲಿ 26! ಮೂರು ಸಲ ನೋಡ್ದೆ. ದಾವಣಗೆರೆ ಬೇಸಿಗೆ ಗಾಳಿ ಒಣಗಿರುತ್ತೆ, ತುಟಿ ಒಡೆಯೋ ಆ ಒಣ ಗಾಳಿನೇ ಇಲ್ಲಿ ಉಪಕಾರಕ್ಕೆ ಬಂತು. ಪಾಲಿಸ್ಟರ್ ಬಟ್ಟೆ ಹಾಕಿ ನೋಡ್ದೆ, ನೀರು ಎಳೆಯಲ್ಲ.

ಏಪ್ರಿಲ್ 21, ಬ್ಯಾಚ್ ಮೂರು

ನಾಲ್ಕು ಒಂದು ಲೀಟರಿನ ಪೆಟ್ಟು, ಜೊತೆಗೆ ಟೆಸ್ಟಿಗೆ ಅಂತ ಒಂದು 250 ಎಂಎಲ್ ಪೆಟ್ಟು. ಸಂಜೆ ಏಳಕ್ಕೆ ತುಂಬಿ ಟಬ್ಬಿಗೆ. ಬೆಳಿಗ್ಗೆ ಆರಕ್ಕೆ ಒತ್ತಿದ್ರೆ ಬಾಟ್ಲಿ ಮೆತ್ತಗೆ ಬಗ್ತಿತ್ತು. ಹನ್ನೊಂದಕ್ಕೆ ಹೆಬ್ಬೆರಳು ಸ್ವಲ್ಪ ಮಾತ್ರ ಇಳೀತು. ಮೂರು ಗಂಟೆಗೆ, ಅಂದ್ರೆ ಇಪ್ಪತ್ತು ತಾಸಿಗೆ, ಒಳ್ಳೇ ತೆಂಗಿನಕಾಯಿ ಥರ ಗಟ್ಟಿ. ದೊಡ್ಡವು ನಾಲ್ಕೂ ತಕ್ಷಣ ಫ್ರಿಜ್ಜಿಗೆ, ಚಿಕ್ಕದನ್ನ ಒಡೆದು ಅಳತೆಗೆ. ಗ್ಯಾಸ್ ಇದ್ರೆ ಗುಳ್ಳೆ ಹೈಡ್ರೋಮೀಟರಿಗೆ ಅಂಟ್ಕೊಂಡು ಅದನ್ನ ಮೇಲೆ ಎತ್ತುತ್ತೆ, ಅದಕ್ಕೆ ಟೀ ಅಂಗಡಿಯವ್ರು ಆರಿಸೋ ಹಂಗೆ ಲೋಟದಿಂದ ಲೋಟಕ್ಕೆ ಇಪ್ಪತ್ತು ಸಲ ಎತ್ತರದಿಂದ ಸುರಿದೆ. ಕಾವಿನ ಲೆಕ್ಕ ಸರಿ ಮಾಡಿ 1.020. ಸರಿಯಾಗಿ ನಾಲ್ಕು ಪಾಯಿಂಟು. 0.5.

ಮಾರನೇ ದಿನ ಸಂಜೆ ತೆಗೆದೆ. ಮುಚ್ಚಳ ಸಡ್ಲ ಮಾಡಿದ ತಕ್ಷಣ ತಳದಿಂದ ಗುಳ್ಳೆ ಸಾಲು ಸಾಲಾಗಿ ಎದ್ವು, ಲೋಟಕ್ಕೆ ಹಾಕಿದ್ರೆ ಬೆರಳಗಲ ಬಿಳಿ ನೊರೆ, ಹತ್ತು ಸೆಕೆಂಡಿಗೆ ಇಳೀತು. ಮೊದಲು ನಿಂಬೆ, ಆಮೇಲೆ ಸಿಹಿ, ಗಂಟಲಿಗೆ ಇಳಿದ ಮೇಲೆ ಶುಂಠಿ ಖಾರ ನಿಧಾನಕ್ಕೆ ಮೇಲೆ ಬರುತ್ತೆ. ಗೋಲಿಸೋಡಾದಷ್ಟು ಚುರುಕಿಲ್ಲ, ಗುಳ್ಳೆ ಸಣ್ಣದು, ಮೆತ್ತಗಿದೆ. ಖಾರ ಮಂಡಕ್ಕಿ, ಮಿರ್ಚಿ ತಂದು ಅಜ್ಜಿ ಮನೇಲೇ ಕೂತು ಕುಡಿದ್ವಿ. ಅಜ್ಜಿ ಎರಡನೇ ಲೋಟ ಕೇಳಿದ್ರು.

ಜೂನ್ 15, ಬ್ಯಾಚ್ ನಾಲ್ಕು

ಮೇನಲ್ಲಿ ಕೆಲಸದ ಗಲಾಟೆ, ಬಗ್ಗನ್ನ ಫ್ರಿಜ್ಜಲ್ಲಿಟ್ಟು ವಾರಕ್ಕೊಂದು ಸಲ ಸಕ್ಕರೆ ಕೊಟ್ಟು ಬದುಕಿಸ್ಕೊಂಡೆ. ಈ ಸಲ ಸಕ್ಕರೆ ಬದ್ಲು ಬೆಲ್ಲ. ಬಣ್ಣ ಚೆನ್ನಾಗಿ ಬಂತು, ನೋಡಕ್ಕೆ ನಿಜವಾದ ಬಿಯರ್ ಥರನೇ, ಆದ್ರೆ ಬೆಲ್ಲದ ಉಪ್ಪಿನ ರುಚಿ ಶುಂಠಿ ಮೇಲೆ ಕೂತ್ಬಿಡುತ್ತೆ, ತಳದಲ್ಲಿ ಕಸರೂ ಜಾಸ್ತಿ. ನನಗೆ ಇಷ್ಟ ಆಗ್ಲಿಲ್ಲ. ಮುಂದಿನ ಸಲ ಮುಕ್ಕಾಲು ಸಕ್ಕರೆ, ಕಾಲು ಬೆಲ್ಲ.

ಮಳೆ ಶುರು ಆದ್ಮೇಲೆ ಲುಂಗಿ ಉಪಾಯ ಅಷ್ಟು ಕೆಲಸ ಮಾಡ್ತಿಲ್ಲ. ರೂಮು 30, ಟಬ್ಬು 27, ಬರೀ ಮೂರು ಡಿಗ್ರಿ ಲಾಭ, ಗಾಳಿಲೇ ನೀರು ತುಂಬಿರೋವಾಗ ಬಟ್ಟೆ ಎಲ್ಲಿ ಒಣಗಬೇಕು. ಆದ್ರೆ ರೂಮೇ ತಣ್ಣಗೈತೆ, ಈಗ ಸಾಕು. ಎರಡು ಅರ್ಧ ಲೀಟರ್ ಬಾಟ್ಲಿ ನೀರು ಫ್ರೀಜರಲ್ಲಿ ಗಡ್ಡೆ ಮಾಡಿ ಇಟ್ಟಿದೀನಿ, ಕರೆಂಟ್ ಹೋದ್ರೆ ಟಬ್ಬಿಗೆ ಹಾಕೋಕೆ.

ಐದನೇದು ನಿನ್ನೆ ರಾತ್ರಿ ಎಂಟಕ್ಕೆ ತುಂಬಿದೀನಿ, ಶುಂಠಿ 200 ಗ್ರಾಂಗೆ ಏರಿಸಿ, ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ. ಈಗ ಬೆಳಿಗ್ಗೆ ಒಂಬತ್ತು, ಚಿಕ್ಕ ಬಾಟ್ಲಿ ಇನ್ನೂ ಬಗ್ತೈತೆ. ಮಧ್ಯಾಹ್ನ ಒಂದಕ್ಕೆ ಮತ್ತೆ ಒತ್ತಿ ನೋಡ್ಬೇಕು.