ಎರಡು ಸಂಬಳ, ಒಂದು ಸಾಸಿವೆ ಡಬ್ಬಿ

ತಿಂಗಳ ಇಪ್ಪತ್ತಕ್ಕೆಲ್ಲ ಖಾತೆ ಬರಿದಾದರೆ ಹೊರಗೆ ಕುಡಿದ ಕಾಫಿಯನ್ನೋ ತರಿಸಿಕೊಂಡ ಬಿರಿಯಾನಿಯನ್ನೋ ದೂರುವುದು ರೂಢಿ. ಲೆಕ್ಕ ಬಿಚ್ಚಿ ಕೂತರೆ ಕಳ್ಳ ಬೇರೆ ಕಡೆ ಸಿಗುತ್ತಾನೆ. ಇಬ್ಬರೂ ದುಡಿಯುವ ಮನೆಗಳಲ್ಲಿ ಬಜೆಟ್ ಕೆಡಿಸುವುದು ಹೆಚ್ಚಾಗಿ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವ ಖರ್ಚುಗಳು: ಶಾಲೆ ಫೀಸು, ಇನ್ಶೂರೆನ್ಸ್, ಹಬ್ಬ, ಮದುವೆ ಮುಯ್ಯಿ, ಊರಿನ ಓಡಾಟ. ಇವು ಬರುತ್ತವೆಂದು ಇಬ್ಬರಿಗೂ ಗೊತ್ತು. ಆದರೂ ಬಂದಾಗಲೆಲ್ಲ "ಈ ತಿಂಗಳು ಸ್ವಲ್ಪ ಜಾಸ್ತಿ ಆಯ್ತು" ಎನ್ನುತ್ತೇವೆ. ಹಾಗೆ "ಜಾಸ್ತಿ ಆಗುವ" ತಿಂಗಳು ವರ್ಷದಲ್ಲಿ ಎಂಟಾದರೂ ಇರುತ್ತವೆ.

ಬೆಂಗಳೂರಿನ ಬಾಡಿಗೆ ಮನೆಯ ಒಂದು ಜೋಡಿಯ ಲೆಕ್ಕ ಹಾಕೋಣ. ಅವನ ಕೈಗೆ 52,000, ಅವಳ ಕೈಗೆ 38,000, ಒಟ್ಟು 90,000 ರೂಪಾಯಿ. ಶಾಲೆಗೆ ಹೋಗುವ ಒಂದು ಮಗು. ವರ್ಷದ ಖರ್ಚಿನ ಪಟ್ಟಿ ಹೀಗಿದೆ ಎಂದುಕೊಳ್ಳಿ: ಶಾಲೆ 60,000, ಹಬ್ಬಗಳು 24,000, ಆರೋಗ್ಯ ವಿಮೆ 20,000, ಊರಿಗೆ ಹೋಗಿಬರುವುದು 18,000, ಟರ್ಮ್ ಇನ್ಶೂರೆನ್ಸ್ 15,000, ಮುಯ್ಯಿ 12,000, ಎರಡು ಮೊಬೈಲಿನ ವರ್ಷದ ರೀಚಾರ್ಜ್ 7,000, ಸ್ಕೂಟರಿನ ವಿಮೆ ಮತ್ತು ಸರ್ವಿಸ್ 6,000. ಕೂಡಿದರೆ 1,62,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 13,500. ಅಜ್ಜಿಯರ ಸಾಸಿವೆ ಡಬ್ಬಿ ಮಾಡುತ್ತಿದ್ದ ಕೆಲಸ ಇದೇ. ಈಗ ಅದಕ್ಕೊಂದು ಬೇರೆ ಉಳಿತಾಯ ಖಾತೆ ಬೇಕು. ಆ ಖಾತೆಗೆ ಡೆಬಿಟ್ ಕಾರ್ಡ್ ಇಟ್ಟುಕೊಳ್ಳಬೇಡಿ, ಯುಪಿಐಗೂ ಜೋಡಿಸಬೇಡಿ. ಬೆರಳ ತುದಿಯಲ್ಲಿರುವ ದುಡ್ಡು ಡಬ್ಬಿಯಲ್ಲಿ ನಿಲ್ಲುವುದಿಲ್ಲ.

ಬಹಳ ಜನ ಡಬ್ಬಿ ಶುರುಮಾಡಿ ಮೊದಲ ವರ್ಷವೇ ಕೈಬಿಡುತ್ತಾರೆ. ಜನವರಿಯಲ್ಲಿ ಆರಂಭಿಸಿದರೆ ಮೇ ಕೊನೆಗೆ ಕೂಡುವುದು 67,500. ಅಷ್ಟರೊಳಗೆ ಶಾಲೆಗೆ 60,000, ಯುಗಾದಿಗೆ 5,000, ಬೇಸಿಗೆ ರಜೆಯ ಊರ ಪ್ರಯಾಣಕ್ಕೆ 12,000, ಮದುವೆ ಸೀಸನ್ನಿನ ಮುಯ್ಯಿಗೆ 8,000, ಒಟ್ಟು 85,000 ಹೋಗಿರುತ್ತದೆ. 17,500 ಕಡಿಮೆ ಬಿತ್ತು. ಆ ಗುಂಡಿಯನ್ನು ಕ್ರೆಡಿಟ್ ಕಾರ್ಡ್ ತುಂಬುತ್ತದೆ, "ಬಜೆಟ್ ಎಲ್ಲ ನಮಗಲ್ಲ" ಎಂಬ ತೀರ್ಮಾನವೂ ಆಗುತ್ತದೆ. ಹಾಗಾಗಿ ಪಟ್ಟಿ ಬರೆಯುವಾಗ ಮೊತ್ತದ ಪಕ್ಕದಲ್ಲೇ ತಿಂಗಳನ್ನೂ ಬರೆಯಿರಿ. ಪ್ರತಿ ತಿಂಗಳ ಕೊನೆಗೆ ಡಬ್ಬಿಯಲ್ಲಿ ಎಷ್ಟು ಉಳಿಯುತ್ತದೆಂದು ಮುಂಚೆಯೇ ಕೂಡಿ ಕಳೆದು ನೋಡಿ. ಅತಿ ಹೆಚ್ಚು ಕೊರತೆ ಬೀಳುವ ತಿಂಗಳಿನ ಆ ಕೊರತೆಯ ಮೊತ್ತವೇ ನೀವು ಮೊದಲ ದಿನ ಡಬ್ಬಿಗೆ ಹಾಕಬೇಕಾದ ಮೂಲಧನ. ಬೋನಸ್ಸಿನಿಂದ ಹಾಕಿ, ಇಲ್ಲವೇ ಫೀಸನ್ನು ಎರಡು ಕಂತು ಮಾಡಿಕೊಡಿ ಎಂದು ಶಾಲೆಯವರನ್ನು ಕೇಳಿ. ಜೂನ್‌ನಲ್ಲಿ ಶುರುಮಾಡಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಮುಯ್ಯಿಯ ಅಂದಾಜಿಗೆ ಹಳೆಯ ಮುಯ್ಯಿ ಪುಸ್ತಕ ತೆಗೆದು ನೋಡಿ. ನಿಮ್ಮ ಮದುವೆಗೆ ಯಾರು ಎಷ್ಟು ಹಾಕಿದ್ದರೆಂದು ಅದರಲ್ಲಿದೆ. ಅವರ ಮನೆಯಲ್ಲಿ ಮದುವೆ, ಗೃಹಪ್ರವೇಶ ಯಾವಾಗ ಬರಬಹುದೆಂದು ಅಮ್ಮ ಅತ್ತೆಯರಿಗೆ ಗೊತ್ತಿರುತ್ತದೆ. ಯಾವ ಆ್ಯಪೂ ಇಷ್ಟು ಚೆನ್ನಾಗಿ ಮುಂದಿನ ಖರ್ಚು ಹೇಳುವುದಿಲ್ಲ.

ಇನ್ನು ಯಾರು ಎಷ್ಟು ಹಾಕಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯದು ಎರಡು ಕಾಲಿನ ಲೆಕ್ಕ. ಇಲ್ಲಿರುವುದು ನಾಲ್ಕು ಕಾಲು. ನಮ್ಮ ಉದಾಹರಣೆಯ ಜೋಡಿ ತಿಂಗಳಿಗೆ ಬಾಡಿಗೆ ಮತ್ತು ಮೇಂಟೆನೆನ್ಸ್‌ಗೆ 22,000, ಮನೆ ಖರ್ಚಿಗೆ 18,000, ಓಡಾಟ ಮತ್ತು ಇಂಟರ್ನೆಟ್‌ಗೆ 5,000, ಎರಡೂ ಕಡೆಯ ಹೆತ್ತವರಿಗೆ 6,000, ಡಬ್ಬಿಗೆ 13,500, ಉಳಿತಾಯಕ್ಕೆ 16,500 ಎಂದು ತೆಗೆದಿಟ್ಟರೆ 81,000 ಆಯಿತು. "ಅರ್ಧ ಅರ್ಧ ಹಾಕೋಣ" ಎಂದರೆ ತಲಾ 40,500. ಅವಳ ಸಂಬಳವೇ 38,000! ನ್ಯಾಯದಂತೆ ಕಾಣುವ ಅರ್ಧದ ಹಂಚಿಕೆ ಇಲ್ಲಿ ನಡೆಯುವುದೇ ಇಲ್ಲ. ಸಂಬಳದ ಪ್ರಮಾಣದಲ್ಲಿ ಹಂಚಿದರೆ ಅವನದು 46,800, ಅವಳದು 34,200. ಕೈಯಲ್ಲಿ ಉಳಿಯುವುದು 5,200 ಮತ್ತು 3,800. ಇದು ಪರವಾಗಿಲ್ಲ. ಇನ್ನೂ ಒಳ್ಳೆಯದೆಂದರೆ ಕೈಖರ್ಚನ್ನು ಮೊದಲು ಸಮ ಮಾಡುವುದು: ಇಬ್ಬರಿಗೂ 4,500, ಮಿಕ್ಕಿದ್ದೆಲ್ಲ ಮನೆಗೆ. ಆಗ ಅವನು 47,500 ಹಾಕುತ್ತಾನೆ, ಅವಳು 33,500. ಒಬ್ಬರೇ ದುಡಿಯುವ ಮನೆಯಲ್ಲೂ ಇದೇ ಕ್ರಮ. ಮನೆ ನೋಡಿಕೊಳ್ಳುವವರ ಕೈಖರ್ಚು ಒಂದನೇ ತಾರೀಖು ತಾನಾಗಿ ಅವರ ಖಾತೆಗೆ ಹೋಗಬೇಕು, ಕೇಳಿ ಇಸಿದುಕೊಳ್ಳುವಂತೆ ಆಗಬಾರದು. ಮತ್ತೆ ಆ 4,500ಕ್ಕೆ ಲೆಕ್ಕ ಕೇಳಕೂಡದು. ಅವನು ಹೆಡ್‌ಫೋನ್ ತಗೊಂಡನೋ ಅವಳು ಸೀರೆ ಚೀಟಿ ಕಟ್ಟಿದಳೋ, ಅದು ಅವರವರ ಪಾಡು.

ಮನೆ ದುಡ್ಡಿಗೆ ಜಂಟಿ ಖಾತೆ ತೆರೆಯುವಾಗ "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" (Either or Survivor) ಎಂಬ ಆಯ್ಕೆಗೆ ಗುರುತು ಹಾಕಿ. ಇಬ್ಬರೂ ಸಹಿ ಹಾಕಬೇಕೆನ್ನುವ ಖಾತೆಯಲ್ಲಿ ದಿನದ ವ್ಯವಹಾರ ನಡೆಯುವುದಿಲ್ಲ. ಇಬ್ಬರ ಮೊಬೈಲ್ ನಂಬರೂ ಖಾತೆಯಲ್ಲಿ ನೋಂದಣಿಯಾಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಯುಪಿಐ ಒಬ್ಬರಿಗೆ ಮಾತ್ರ ಸಿಗುತ್ತದೆ, ಇನ್ನೊಬ್ಬರು ದುಡ್ಡು ಹಾಕುವುದಕ್ಕಷ್ಟೇ ಇರುತ್ತಾರೆ. ತಾರೀಖಿನ ಪೇಚೂ ಒಂದಿದೆ. ಒಬ್ಬರ ಸಂಬಳ 30ಕ್ಕೆ, ಇನ್ನೊಬ್ಬರದು 7ಕ್ಕೆ ಬಂದರೆ 5ನೇ ತಾರೀಖಿಗೆ ಇಟ್ಟ ಎಸ್‌ಐಪಿ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ಬೌನ್ಸ್ ಆಗಬಹುದು, ಆದರೆ ಬ್ಯಾಂಕು ಅದಕ್ಕೆ ದಂಡ ಹಾಕಿ ಮೇಲೆ ಜಿಎಸ್‌ಟಿಯನ್ನೂ ಸೇರಿಸುತ್ತದೆ. ತಾನಾಗಿ ಕಡಿತವಾಗುವ ಎಲ್ಲವನ್ನೂ 10ನೇ ತಾರೀಖಿಗೆ ಎಳೆದುಕೊಳ್ಳಿ. ಬಾಡಿಗೆಯನ್ನು ಮೊದಲು ಬರುವ ಸಂಬಳದಿಂದ ಕೊಡಿ.

ಮನೆ ಖರ್ಚಿನ 18,000ದಲ್ಲಿ ದಿನಸಿ, ಹಾಲು, ಗ್ಯಾಸು, ಕರೆಂಟಿಗೆ 10,500 ಹೋಯಿತೆನ್ನಿ. ಉಳಿದ 7,500 ತರಕಾರಿ, ಹಣ್ಣು, ಮೊಟ್ಟೆ, ಹೊರಗಿನ ತಿಂಡಿಗೆ. ಅಂದರೆ ದಿನಕ್ಕೆ 250, ವಾರಕ್ಕೆ 1,750. ನಾಲ್ಕು ವಾರಕ್ಕೆ 7,000 ಆಗಿ, ತಿಂಗಳ ಬಾಲದ ಎರಡು ದಿನಕ್ಕೆ 500 ಉಳಿಯುತ್ತದೆ. ತಿಂಗಳಿಗೆ ನಾಲ್ಕೇ ವಾರ ಎಂದು ಹಂಚಿಬಿಟ್ಟವರು 29ನೇ ತಾರೀಖು ಕಾರ್ಡ್ ತೆಗೆಯುವುದು ಈ ಬಾಲವನ್ನು ಮರೆತು. ವಾರದ ದುಡ್ಡನ್ನು ಭಾನುವಾರ ಇಬ್ಬರ ಫೋನಿನ ಯುಪಿಐ ಲೈಟ್‌ಗೆ (ಯುಪಿಐ ಆ್ಯಪಿನೊಳಗಿನ ಸಣ್ಣ ಪರ್ಸು) ಹಾಕಿಕೊಳ್ಳಿ: ಅವಳ ಫೋನಿಗೆ 1,000, ಅವನದಕ್ಕೆ 750. ಅದರಲ್ಲಿ 5,000ದವರೆಗೆ ಇಡಬಹುದು, ಒಂದು ಸಲಕ್ಕೆ 1,000 ಮೀರದಂತೆ ಪಿನ್ ಇಲ್ಲದೆ ಕೊಡಬಹುದು. ಮುಗಿಯುತ್ತಾ ಬಂದಂತೆ ಖಾತೆಯಿಂದ ತಾನೇ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಆಫ್ ಮಾಡಿರಬೇಕು. ಅದು ಆನ್ ಇದ್ದರೆ ಈ ಪರ್ಸಿಗೆ ತಳವೇ ಇರುವುದಿಲ್ಲ. ಲೈಟ್‌ನಿಂದ ಕೊಟ್ಟದ್ದು ಪಾಸ್‌ಬುಕ್ಕಿನಲ್ಲಿ ಒಂದೊಂದಾಗಿ ಕಾಣುವುದಿಲ್ಲ, ಆ್ಯಪಿನಲ್ಲೇ ನೋಡಬೇಕು. ವಾರ ಮುಗಿಯುವ ಮುಂಚೆ ದುಡ್ಡು ಮುಗಿದರೆ ಸಾಲ ಮುಂದಿನ ವಾರದಿಂದ, ಕ್ರೆಡಿಟ್ ಕಾರ್ಡಿನಿಂದ ಬೇಡ.

ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪುಗಳು ಈ 1,750ರ ದೊಡ್ಡ ಶತ್ರು. ಕೊತ್ತಂಬರಿ ಸೊಪ್ಪಿಗೆಂದು ತೆರೆದರೆ ಡೆಲಿವರಿ ಉಚಿತ ಆಗಲಿ ಎಂದು ಬಿಸ್ಕತ್ತು, ಜ್ಯೂಸು ಸೇರುತ್ತವೆ. ಇಬ್ಬರ ಫೋನಿನಲ್ಲೂ ಇದ್ದರೆ ಹಾಲು ಎರಡೆರಡು ಸಲ ಬರುವುದೂ ಉಂಟು. ಒಂದೇ ಫೋನಿನಲ್ಲಿರಲಿ, ವಾರಕ್ಕೆ ಎರಡೇ ಆರ್ಡರ್. ಅಕ್ಕಿಯನ್ನು ಮೂಟೆ ಲೆಕ್ಕದಲ್ಲಿ ಕೊಳ್ಳುವವರು ಅಂಗಡಿಯಲ್ಲಿ 26 ಕೆಜಿ ಚೀಲ ಕಂಡು ಅಚ್ಚರಿಪಟ್ಟಿರಬಹುದು. ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ 2022ರ ಜುಲೈನಿಂದ 5% ಜಿಎಸ್‌ಟಿ ಇದೆ, ಅದು 25 ಕೆಜಿವರೆಗಿನ ಚೀಲಕ್ಕೆ ಮಾತ್ರ. ಆ ಒಂದು ಕೆಜಿ ಹೆಚ್ಚಾದದ್ದು ಅದಕ್ಕೇ. ಆದರೆ ಇಬ್ಬರೂ ಮಧ್ಯಾಹ್ನದ ಊಟ ಆಫೀಸಿನಲ್ಲಿ ಮಾಡುವವರಾದರೆ ಮಳೆಗಾಲದಲ್ಲಿ ಮೂಟೆ ತರಬೇಡಿ. ಮೂರನೇ ತಿಂಗಳಿಗೆ ಹುಳ ಬಿದ್ದರೆ ಉಳಿಸಿದ 5% ಅಲ್ಲಿಗೇ ಹೋಯಿತು.

ಗೃಹಜ್ಯೋತಿ ಇರುವ ಮನೆಯಲ್ಲಿ 200 ಯೂನಿಟ್ ಲಕ್ಷ್ಮಣರೇಖೆ. ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೂರು ಹಳೆಯ 75 ವ್ಯಾಟ್ ಫ್ಯಾನುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ ದಿನಕ್ಕೆ ಹತ್ತು ಗಂಟೆ ಓಡಿಸಿದರೆ ತಿಂಗಳಿಗೆ ಸುಮಾರು 40 ಯೂನಿಟ್ ಕಡಿಮೆ. ರೇಖೆಯ ಅಂಚಿನಲ್ಲಿರುವವರಿಗೆ ಇದು ದೊಡ್ಡದು. ಬಾಡಿಗೆ ಮನೆ ಬದಲಿಸುವವರು ಹಳೆಯ ಮನೆಯ ನೋಂದಣಿ ಬಿಡಿಸಿ ಹೊಸ ಮನೆಯ ಮೀಟರಿಗೆ ಮತ್ತೆ ಮಾಡಿಸಬೇಕು. ಓಡಾಟದ ಲೆಕ್ಕದಲ್ಲಿ ಅವಳ ಸಾಮಾನ್ಯ ಬಿಎಂಟಿಸಿ ಬಸ್ಸಿಗೆ ಶಕ್ತಿ ಯೋಜನೆಯಿಂದ ಸೊನ್ನೆ ಬರೆಯಬಹುದು, ಎಸಿ ಬಸ್ಸಿಗೆ ಮಾತ್ರ ಅದು ನಡೆಯುವುದಿಲ್ಲ.

ಕಾರ್ಡಿನ ಬಗ್ಗೆ ಇಷ್ಟು ಸಾಕು: 40,000ದ ಬಿಲ್ಲಿಗೆ "ಕನಿಷ್ಠ ಪಾವತಿ" ಎಂದು 2,000 ಕಟ್ಟಿ ಬಿಟ್ಟರೆ, ಉಳಿದ 38,000ಕ್ಕೆ ತಿಂಗಳಿಗೆ 3.5%ರಂತೆ 1,330 ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ, ಹತ್ತಿರ ಹತ್ತಿರ 1,570. ಅಲ್ಲದೆ ಆಮೇಲೆ ಕೊಂಡ ಪ್ರತಿ ವಸ್ತುವಿಗೂ ಮೊದಲ ದಿನದಿಂದಲೇ ಬಡ್ಡಿ. ಅದಕ್ಕಿಂತ ಎಫ್‌ಡಿ ಮುರಿಯುವುದು ಎಷ್ಟೋ ಮೇಲು. ಇದಕ್ಕಾಗಿಯೇ ಆಪತ್ಕಾಲದ ಒಂದು ಲಕ್ಷವನ್ನು ಒಂದೇ ಎಫ್‌ಡಿ ಮಾಡದೆ 20,000ದ ಐದು ಮಾಡಿ, ಬೇಕಾದಷ್ಟನ್ನೇ ಮುರಿದರಾಯಿತು. ಹೆಂಡತಿಗೆ ಆಡ್-ಆನ್ ಕಾರ್ಡ್ ಮಾಡಿಸಿದ್ದರೆ ಲಿಮಿಟ್ ಇಬ್ಬರದೂ ಒಂದೇ, ಬಿಲ್ಲು ಬರುವುದು ಮಾತ್ರ ಅವನ ಮೇಲ್‌ಗೆ. ಆ ಬಿಲ್ಲು ಬಂದ ದಿನವೇ ಇಬ್ಬರೂ ನೋಡಬೇಕು.

ಭಾನುವಾರ ಕಾಲು ಗಂಟೆ ಸಾಕು. ವಾರದ ದುಡ್ಡು ಎಷ್ಟು ಉಳಿಯಿತು, ಡಬ್ಬಿಯಿಂದ ಮುಂದಿನ ತಿಂಗಳು ಏನು ಹೊರಗೆ ಹೋಗುತ್ತದೆ, ಇವೆರಡೇ ಮಾತು. ಹೊಟ್ಟೆ ಹಸಿದಾಗ ಮತ್ತು ಅತ್ತೆಯ ಮನೆಯಿಂದ ಬಂದ ಸಂಜೆ ಈ ಲೆಕ್ಕಕ್ಕೆ ಕೂರಬೇಡಿ. ಬಾಡಿಗೆ ಕರಾರಿನ ಹನ್ನೊಂದು ತಿಂಗಳು ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. 20,000 ಬಾಡಿಗೆಗೆ 5% ಏರಿದರೆ ತಿಂಗಳಿಗೆ 1,000 ಹೆಚ್ಚು. ಅದನ್ನು ಯಾವ ಬಾಬ್ತಿನಿಂದ ತೆಗೆಯುವುದೆಂದು ಓನರ್ ಫೋನ್ ಮಾಡುವ ಮುಂಚಿನ ಭಾನುವಾರವೇ ತೀರ್ಮಾನಿಸಿಕೊಳ್ಳಿ.