ಬರದ ವರ್ಷದ ಸುಗ್ಗಿ ಹಬ್ಬ

ನನ್ನ ತವರು ಧಾರವಾಡದ ಕಡೆ ಎರೆ ಭೂಮಿ ಸೀಮೆ. ಊರೇ ಸಣ್ಣದು, ಅದರಲ್ಲಿ ನಮ್ಮ ಕ್ರೈಸ್ತ ಸಭೆ ಇನ್ನೂ ಸಣ್ಣದು, ಎಲ್ಲಾ ಸೇರಿ ಇಪ್ಪತ್ತು ಇಪ್ಪತ್ತೈದು ಮನೆ ಇರಬಹುದು. ಹೆಂಚಿನ ದೇವಾಲಯ, ಮುಂದೆ ಒಂದು ಬೇವಿನ ಗಿಡ, ಅದಕ್ಕೆ ಕಟ್ಟಿದ ಗಂಟೆ. ಮದುವೆಯಾಗಿ ಹುಬ್ಬಳ್ಳಿಗೆ ಬಂದು ಇಷ್ಟು ವರ್ಷ ಆಯ್ತು, ಕ್ರಿಸ್ಮಸ್ಸಿಗೆ ಒಂದೊಂದು ಸಲ ಹೋಗೋಕಾಗಲ್ಲ, ಆದ್ರೆ ಸುಗ್ಗಿ ಹಬ್ಬ ಮಾತ್ರ ತಪ್ಪಿಸಿಲ್ಲ.

ನೋಡದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಹಿಂದಿನ ದಿನ ಸಂಜೆ ಹುಡುಗರು ಬಾಗಿಲಿಗೆ ಕಬ್ಬು ಕಟ್ತಾರೆ, ಕಂಬಕ್ಕೆ ಗೋವಿನಜೋಳದ ದಂಟು, ನಡುನಡುವೆ ಚೆಂಡುಹೂ. ಭಾನುವಾರ ಬೆಳಿಗ್ಗೆ ಪ್ರತಿ ಮನೆಯವರೂ ಬುಟ್ಟಿ ಹೊತ್ಕೊಂಡು ಹಾಡ್ತಾ ಒಳಗೆ ಬಂದು ಆಲ್ಟರ್ ಮುಂದೆ ಇಡ್ತಾರೆ, ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ, ಬದನೆಕಾಯಿ, ತೆಂಗಿನಕಾಯಿ, ಮೊಟ್ಟೆ, ಯಾರೋ ಒಬ್ಬರು ಹುಂಜ ತಂದೇ ತಂದಿರ್ತಾರೆ, ಕಾಲು ಕಟ್ಟಿ ಮೂಲೆಯಲ್ಲಿ ಕೂರಿಸಿದ್ರೂ ಅದು ಪ್ರಸಂಗದ ನಡುವೆ ಕೂಗದೆ ಬಿಡಲ್ಲ. ಆರಾಧನೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಲಿಲಾವು, ಅಂದ್ರೆ ಹರಾಜು. ಒಂದನೇ ಸಲ, ಎರಡನೇ ಸಲ ಅಂತ ಕೂಗ್ತಾ ಕೂಗ್ತಾ ಮೂವತ್ತು ರೂಪಾಯಿ ಕುಂಬಳಕಾಯಿ ಮುನ್ನೂರಕ್ಕೆ ಹೋಗುತ್ತೆ, ತಗೊಂಡವರು ಅದನ್ನ ತಿರುಗಿ ಸಭೆಗೇ ಕೊಡ್ತಾರೆ, ಮತ್ತೆ ಲಿಲಾವು, ಮಕ್ಕಳಿಗೆ ಅದೇ ದೊಡ್ಡ ಖುಷಿ. ಪಕ್ಕದ ಮನೆಯ ಲಿಂಗಾಯತರು ಶೀಗಿ ಹುಣ್ಣಿಮೆಗೆ ಬುತ್ತಿ ಕಟ್ಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದ್ರೆ ಭೂಮಿತಾಯಿಗೆ ಎಡೆ ಚೆಲ್ಲಿ ಬರ್ತಾರೆ, ನಮ್ಮನ್ನೂ ಊಟಕ್ಕೆ ಕರೀತಾರೆ. ನಾವು ನಮ್ಮ ಮೊದಲ ಫಲ ಇಲ್ಲಿಗೆ ತರ್ತೀವಿ, ಅವರೂ ಲಿಲಾವಿಗೆ ಬಂದು ನಿಲ್ತಾರೆ. ಅದೇ ಮಣ್ಣು ಇಬ್ಬರಿಗೂ ಅನ್ನ ಕೊಡೋದು.

ಈ ಹಬ್ಬ ಮಿಷನರಿಗಳು ಹುಟ್ಟಿಸಿದ್ದು ಅಂತ ಕೆಲವರು ತಿಳ್ಕೊಂಡಿದ್ದಾರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು 1837ರ ಹೊತ್ತಿಗೆ ಧಾರವಾಡಕ್ಕೂ ಬಂದ್ರು, ನಮ್ಮ ಸಭೆಯ ಬೇರು ಅಲ್ಲೇ ಇರೋದು, ಅದು ಖರೆ. ಆದ್ರೆ ಮೊದಲ ಫಲದ ಮಾತು ಅದಕ್ಕಿಂತ ಎಷ್ಟೋ ಹಳೇದು. ಸತ್ಯವೇದದಲ್ಲಿ (ಬೈಬಲ್ಲಿನಲ್ಲಿ) ಧರ್ಮೋಪದೇಶಕಾಂಡದ 26ನೇ ಅಧ್ಯಾಯ ತೆಗೆದು ನೋಡಿ, ನೆಲದ ಮೊದಲ ಬೆಳೆ ಬುಟ್ಟಿಯಲ್ಲಿ ಇಟ್ಕೊಂಡು ಯಾಜಕನ ಹತ್ತಿರ ಹೋಗಬೇಕು, ಬುಟ್ಟಿ ಇಟ್ಟು ಸುಮ್ಮನೆ ವಾಪಸ್ ಬರೋ ಹಾಗಿಲ್ಲ, ಬಾಯಿಬಿಟ್ಟು ತನ್ನ ಹಿರಿಯರ ಕಥೆ ಹೇಳಬೇಕು. ನಮ್ಮ ಮೂಲಪುರುಷ ಗತಿಯಿಲ್ಲದೆ ಅಲೆಯುತ್ತಿದ್ದವನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಬಿಟ್ಟಿ ಕೆಲಸ ಮಾಡಿದ್ವಿ, ಕೂಗಿಕೊಂಡ್ವಿ, ದೇವರು ಕೇಳಿದ, ಕೈ ಹಿಡಿದು ಕರಕೊಂಡು ಬಂದ ಅಂತ. ಬುಟ್ಟಿಯ ಕಾಳಿಗಿಂತ ಆ ಕಥೆಯೇ ದೊಡ್ಡ ಕಾಣಿಕೆ ಅಂತ ನನಗೆ ಅನ್ಸುತ್ತೆ. ನಮ್ಮ ಅಜ್ಜನೂ ಹಬ್ಬದ ದಿನ ಊಟಕ್ಕೆ ಕೂತಾಗ ಒಂದು ಕಥೆ ಹೇಳೋರು. 1876ರಲ್ಲಿ ಶುರುವಾದ ಧಾತು ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತಾಗ ನಮ್ಮ ಹಿರಿಯರೊಬ್ಬರು ಹುಡುಗ, ಮನೆಯವರನ್ನೆಲ್ಲ ಕಳ್ಕೊಂಡು ದಾರಿ ಹಿಡಿದು ನಡ್ಕೊಂಡು ಬಂದವರು, ಯಾರೋ ಒಂದು ಬಟ್ಟಲು ಅಂಬಲಿ ಕೊಟ್ಟು ಉಳಿಸಿದ್ರಂತೆ. "ಆ ಬಟ್ಟಲು ಅಂಬಲಿಯಿಂದ ಬಂದೋರು ನಾವು" ಅಂತ ಹೇಳಿ ಆಮೇಲೆ ಅಜ್ಜ ರೊಟ್ಟಿ ಮುರಿಯೋರು.

ಇಷ್ಟೆಲ್ಲ ಗೊತ್ತಿದ್ದ ನನಗೇ 2023ರಲ್ಲಿ ಕಾಲು ಜಾರಿತು.

ಆ ವರ್ಷ ಜೂನ್ ಪೂರ್ತಿ ಒಣ, ಬಿತ್ತನೆ ತಡ ಆಯ್ತು. ಊರಿನ ಸಭೆಯಲ್ಲಿ ಮಳೆಗೋಸ್ಕರ ಉಪವಾಸ ಪ್ರಾರ್ಥನೆ ಇಟ್ಟಿದ್ರು, ನಾನು ಹುಬ್ಬಳ್ಳಿಯಲ್ಲೇ ಉಪವಾಸ ಹಿಡಿದೆ. ಜುಲೈನಲ್ಲಿ ಮಳೆ ಬಂತು, ಅದೂ ಹೆಂಗಂತೀರಾ, ಅವ್ವ ಫೋನ್ ಮಾಡಿ ಏನೂ ಮಾತಾಡದೆ ಹೆಂಚಿನ ಮೇಲೆ ಮಳೆ ಬೀಳೋ ಸಪ್ಪಳ ಕೇಳಿಸಿದ್ಲು. ನಾನು ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ, ಕೇಳಿದ್ವಿ, ಕರ್ತನು ಕೊಟ್ಟ, ನಮ್ಮಪ್ಪನ ಮೂರು ಎಕರೆ ಹೆಸರು ಹಸಿರಾಗಿ ನಿಂತಿದೆ ಅಂತ. ಎಲ್ಲರೂ ಸ್ತೋತ್ರ ಅಂದ್ರು. ಆಮೇಲೆ ಆಗಸ್ಟ್. ಹನಿ ಇಲ್ಲ. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ ಅಂತ ಆಮೇಲೆ ಪೇಪರಲ್ಲಿ ಓದಿದೆ. ಸರಿಯಾಗಿ ಹೂ ಬಿಟ್ಟ ಹೊತ್ತಿಗೆ ಬಿಸಿಲು ಹೊಡೀತು, ಹೂ ಉದುರಿ ಹೋಯ್ತು. ಎಕರೆಗೆ ಮೂರು ನಾಲ್ಕು ಚೀಲ ಬರೋ ಹೊಲದಲ್ಲಿ ಮೂರು ಎಕರೆಗೂ ಸೇರಿ ಅರ್ಧ ಚೀಲ. ಸರ್ಕಾರ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಹೇಳಿತು, ಅಂದ್ರೆ ಕಷ್ಟ ನಮ್ಮ ಮನೆಗೊಂದೇ ಬಂದಿದ್ದಲ್ಲ, ಆದ್ರೆ ಹೊಟ್ಟೆಯಲ್ಲಿ ಸಂಕಟ ಇದ್ದಾಗ ಆ ಲೆಕ್ಕ ಯಾರಿಗೆ ಬೇಕು.

ಮುಂದಿನ ಬುಧವಾರ ಕೂಟಕ್ಕೆ ಹೋಗೋಕೆ ನಾಚಿಕೆ ಆಯ್ತು. ಹೇಳಿದ ಸಾಕ್ಷಿ ಸುಳ್ಳಾಯ್ತಲ್ಲ ಅಂತ. ಅದರ ಮೇಲೆ ಪರಿಚಯದವರೊಬ್ಬರು ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಏನಾದ್ರೂ ಅರಿಕೆ ಮಾಡದ ಪಾಪ ಇರಬಹುದು ನೋಡ್ಕೊಳ್ಳಿ, ನಂಬಿಕೆ ಗಟ್ಟಿ ಇದ್ದಿದ್ರೆ ಹಿಂಗಾಗ್ತಿರಲಿಲ್ಲ ಅಂದ್ರು. ಒಳ್ಳೆ ಮನಸ್ಸಿಂದಲೇ ಹೇಳಿದ್ರು, ಆದ್ರೆ ಆ ಮಾತು ಎದೆಗೆ ಮುಳ್ಳು ಚುಚ್ಚಿದ ಹಾಗೆ ಕೂತುಬಿಡ್ತು. ನಂಬಿದ್ರೆ ಹೊಲ ತುಂಬುತ್ತೆ, ಕಾಯಿಲೆ ಹೋಗುತ್ತೆ, ಸಾಲ ತೀರುತ್ತೆ ಅಂತ ಈಗ ಮೊಬೈಲ್ ತೆಗೆದ್ರೆ ಸಾಕು ಇದೇ ಬೋಧನೆ. ನನಗೆ ಇದು ಸರಿ ಅನ್ಸಲ್ಲ, ಬಿಡಿಸಿ ಹೇಳ್ತೀನಿ. ಸತ್ಯವೇದದಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಬಾಯಿಬಿಡದೆ ಕೂತಿದ್ರಲ್ಲ, ಅಲ್ಲಿವರೆಗೂ ಅವರು ನಿಜವಾದ ಗೆಳೆಯರೇ, ಬಾಯಿ ತೆಗೆದು ನಿನ್ನ ಪಾಪ ಇರಬೇಕು ಅಂದ ಮೇಲೆ ಕೆಟ್ಟಿದ್ದು, ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾದ. ಯೇಸುಸ್ವಾಮಿ ಹೇಳಿದ್ದು ಏನು, ತಂದೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸ್ತಾನೆ ಅಂತ. ಅಂದ್ಮೇಲೆ ಮಳೆ ಬರದಿದ್ದಾಗ ಹೊಲದ ಒಡೆಯನ ಪಾಪ ಹುಡುಕೋದು ಎಲ್ಲಿಯ ನ್ಯಾಯ? ಆ ವರ್ಷ ಬಾಡಿದ್ದು ನಮ್ಮ ಹೆಸರು ಒಂದೇನಾ?

ಇದೆಲ್ಲ ಈಗ ಹೇಳ್ತಿದೀನಿ. ಆಗ ನನ್ನ ಹತ್ರ ಯಾವ ಉತ್ತರವೂ ಇರಲಿಲ್ಲ.

ನವೆಂಬರಿನಲ್ಲಿ ಅವ್ವ ಫೋನ್ ಮಾಡಿ ಹಬ್ಬದ ತಾರೀಖು ಹೇಳಿದಾಗ ನಾನು, "ಈ ವರ್ಷ ಎಂಥ ಸುಗ್ಗಿ ಹಬ್ಬವ್ವ, ಸುಗ್ಗಿನೇ ಇಲ್ಲ" ಅಂದೆ. ಸಾಕ್ಷಿ ಹೇಳಿ ಮುಖ ಕಳ್ಕೊಂಡೆ ಅಂತಲೂ ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಸಾಕ್ಷಿ ಹೇಳಿದ್ದು ಮಳೀದೋ ದೇವರದೋ?" ಅಂದ್ಲು. ಬೈದು ಹೇಳಿದ್ದಲ್ಲ, ಖರೇನೇ ಗೊತ್ತಿಲ್ಲದವರ ಹಾಗೆ ಕೇಳಿದ್ಲು. ಆಮೇಲೆ ಬರುವಾಗ ಒಂದು ಕಿಲೋ ಸಕ್ಕರೆ ತಗೊಂಡು ಬಾ ಅಂದು ಫೋನ್ ಇಟ್ಲು.

ಹೋದೆ. ಶನಿವಾರ ರಾತ್ರಿ ಅಪ್ಪ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರು ಹಸನ ಮಾಡ್ತಿದ್ರು. ಅರ್ಧ ಚೀಲದಲ್ಲಿ ಚಲೋ ಕಾಳು ಆರಿಸಿ ಮೂರು ಪಾಲು ಮಾಡಿದ್ರು, ಮನೆಗೆ ಒಂದು, ಬಿತ್ತನೆ ಬೀಜಕ್ಕೆ ಅಂತ ಬೂದಿ ಹಚ್ಚಿ ಗಡಿಗೆಯಲ್ಲಿ ಒಂದು, ದೇವಾಲಯಕ್ಕೆ ಒಂದು ಸೇರು. ಮೊದಲು ಅಳೆದದ್ದು ದೇವಾಲಯದ ಸೇರು, ಅದೂ ತಲೆ ಕಟ್ಟಿ. ನಾನು ತಡೀಲಾರದೆ ಅಂದೆ, "ಅಪ್ಪಾ, ಈ ವರ್ಷ ಒಂದು ಹಿಡಿ ಒಯ್ದ್ರೂ ದೇವರು ಬೇಡ ಅನ್ನಲ್ಲ." ಅಪ್ಪ ಮೊರ ಕೆಳಗಿಟ್ಟು, "ಎಲೀಯ ಹೋಗಿದ್ದು ಎಂಥ ವರ್ಷದಾಗ?" ಅಂದ್ರು.

ಎಲೀಯ ಪ್ರವಾದಿ ಹೋಗಿದ್ದು ಚಾರೆಪ್ತ ಊರಿನ ವಿಧವೆಯ ಮನೆಗೆ, ಆ ಕಥೆ ಸಂಡೇ ಸ್ಕೂಲಿಂದ ಕೇಳಿದ್ದೀನಿ, ಅದು ಬರಗಾಲದ ಕಥೆ ಅಂತ ಅವತ್ತೇ ತಲೆಗೆ ಹೋಗಿದ್ದು. ಮಡಿಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಒಂಚೂರು ಎಣ್ಣೆ, ಎರಡು ಕಟ್ಟಿಗೆ ಆರಿಸ್ತಾ ಇದ್ದಾಳೆ, ಇದನ್ನ ಸುಟ್ಟು ನಾನೂ ಮಗನೂ ತಿಂದು ಸಾಯ್ತೀವಿ ಅಂತ. ಪ್ರವಾದಿ ಕೇಳಿದ್ದು ಏನು, ಮೊದಲು ನನಗೊಂದು ಸಣ್ಣ ರೊಟ್ಟಿ ಮಾಡ್ಕೊಂಡು ಬಾ. ಹಿಟ್ಟು ತೀರಲಿಲ್ಲ ಅಂತ ಪ್ರಸಂಗದಲ್ಲಿ ಎಲ್ಲರೂ ಹೇಳ್ತಾರೆ, ಆದ್ರೆ ಯಾವತ್ತೂ ಮಡಿಕೆ ತುಂಬಿತು ಅಂತ ಅಲ್ಲಿ ಬರೆದಿಲ್ಲ, ತೀರಲಿಲ್ಲ ಅಂತ ಅಷ್ಟೇ. ದಿನಾ ಬೆಳಿಗ್ಗೆ ಎದ್ದು ಅವಳು ನೋಡಿದಾಗ ಇದ್ದದ್ದು ಬಹುಶಃ ಅದೇ ಒಂದು ಹಿಡಿ. ಅಡವಿಯಲ್ಲಿ ದೇವರು ಕೊಟ್ಟ ಆಹಾರ ಮನ್ನದ್ದೂ ಹಂಗೇ, ಆ ದಿನದ್ದು ಆ ದಿನಕ್ಕೆ, ನಾಳೆಗೆ ಅಂತ ಎತ್ತಿಟ್ರೆ ಹುಳ. ನಾವು ಕೇಳೋದು ವರ್ಷದ ಕಣಜ, ಯೇಸುಸ್ವಾಮಿ ಕೇಳೋಕೆ ಕಲಿಸಿದ್ದು "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತ.

ಹಂಗಂತ ಅಪ್ಪ ದೇವರಿದ್ದಾನೆ ಅಂತ ಕೈಕಟ್ಟಿ ಕೂತವರಲ್ಲ. ಬೆಳೆ ವಿಮೆ ಕಂತು ಕಟ್ಟಿದ್ರು, ಪಹಣಿ ಪತ್ರಿಕೆ ಹಿಡ್ಕೊಂಡು ಓಡಾಡಿದ್ರು, ಅರವತ್ತು ದಾಟಿದ ವಯಸ್ಸಲ್ಲಿ ಉದ್ಯೋಗ ಖಾತ್ರಿಯಲ್ಲಿ ಬದು ಹಾಕೋಕೆ ಹೋದ್ರು. ಮುಂದಿನ ವರ್ಷದ ಶುರುವಿಗೆ ಪರಿಹಾರದ ಮೊದಲ ಕಂತು ಅಂತ 2,000 ರೂಪಾಯಿ ಬಂದಾಗ ಅದಕ್ಕೂ ಪ್ರಾರ್ಥನೆ ಮಾಡಿನೇ ಖರ್ಚು ಮಾಡಿದ್ರು. ಅರ್ಜಿ ಹಾಕೋದು ಬೇರೆ, ನಂಬೋದು ಬೇರೆ ಅಂತ ಅವರಿಗೆ ಯಾವತ್ತೂ ಅನ್ಸಿಲ್ಲ.

ಹಬ್ಬದ ದಿನ ದೇವಾಲಯದೊಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಆಲ್ಟರ್ ಮುಂದಿನ ಕೆಂಪು ಜಮಖಾನೆ. ಬೇರೆ ವರ್ಷ ಅದು ಕಾಣೋದೇ ಇಲ್ಲ, ಬುಟ್ಟಿಗಳ ಕೆಳಗೆ ಮುಚ್ಚಿ ಹೋಗಿರುತ್ತೆ. ಆ ವರ್ಷ ಬುಟ್ಟಿ ಬುಟ್ಟಿಯ ನಡುವೆ ಬಟ್ಟೆ ಕಾಣ್ತಿತ್ತು. ಕಂಬಕ್ಕೆ ಕಟ್ಟಿದ ಗೋವಿನಜೋಳದ ದಂಟು ನನ್ನ ಎದೆಮಟ್ಟ, ತೆನೆ ಹೆಬ್ಬೆರಳಷ್ಟು. ಆದ್ರೆ ಒಂದು ಮನೆಯೂ ಬರಿಗೈಲಿ ಬಂದಿರಲಿಲ್ಲ. ನಮ್ಮ ಓಣಿಯ ಕೊನೆ ಮನೆಯಲ್ಲಿ ಒಬ್ಬರು ಆಯಿ ಇದ್ದಾರೆ, ಗಂಡ ಇಲ್ಲ, ಹೊಲವೂ ಇಲ್ಲ. ಆಕೆ ಒಂದು ಸೋರೆಕಾಯಿ ತಂದಿದ್ರು, ಸೆರಗಲ್ಲಿ ಮುಚ್ಕೊಂಡು, ಕೂಸು ಎತ್ಕೊಂಡ ಹಾಗೆ. ಪಾತ್ರೆ ತೊಳೆದ ನೀರು ಚೆಲ್ಲದೆ ಬಳ್ಳಿಗೆ ಹಾಕಿ ಬೆಳೆಸಿದ್ದು ಅದು. ಒಂದು ಪಕ್ಕ ನೆಲಕ್ಕೆ ತಾಗಿ ಬೆಳ್ಳಗಾಗಿತ್ತು, ತುದಿಯಲ್ಲಿ ಒಣಗಿದ ಹೂ ಇನ್ನೂ ಅಂಟಿಕೊಂಡಿತ್ತು, ಅದನ್ನ ಹರಿದಿರಲಿಲ್ಲ. ಆಕೆ ಇಟ್ಟು, ಮತ್ತೆ ಬಗ್ಗಿ ಬೆಳ್ಳಗಿನ ಪಕ್ಕ ಕೆಳಗೆ ಬರೋ ಹಾಗೆ ತಿರುಗಿಸಿ ಇಟ್ರು. ದೇವರಿಗೆ ಚಂದದ ಕಡೆ ಕಾಣಲಿ ಅಂತ. ನಾನು ಆ ವರ್ಷ ಅತ್ತದ್ದು ಆಗ, ಆಗಸ್ಟಿನಿಂದ ಹಿಡಿದು ಇಟ್ಟಿದ್ದೆಲ್ಲ.

ಸಭಾಪಾಲಕರು ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆ ಅಧ್ಯಾಯ ಓದಿದ್ರು. ಅಂಜೂರ ಚಿಗುರದಿದ್ರೂ, ಹೊಲ ಊಟ ಕೊಡದಿದ್ರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ರೂ ನಾನು ದೇವರಲ್ಲಿ ಆನಂದಿಸ್ತೀನಿ ಅನ್ನೋ ಭಾಗ. ಓದಿ ಸ್ವಲ್ಪ ಹೊತ್ತು ನಿಂತರು, ಪ್ರಸಂಗ ಉದ್ದ ಮಾಡಲಿಲ್ಲ. ಎಷ್ಟೋ ಸಲ ಕೇಳಿದ ವಾಕ್ಯವೇ, ಆದ್ರೆ ಆ ದಂಟು ಕಟ್ಟಿದ ಕಂಬದ ಪಕ್ಕ ಕೂತು ಕೇಳೋದೇ ಬೇರೆ. ಹಬಕ್ಕೂಕ ಅದನ್ನ ಸುಮ್ಮನೆ ಹೇಳಿದವನೂ ಅಲ್ಲ, ಮೊದಲನೇ ಅಧ್ಯಾಯದಲ್ಲಿ ಎಷ್ಟು ಕಾಲ ಕೂಗಲಿ, ನೀನು ಕೇಳಲ್ವಲ್ಲ ಅಂತ ದೇವರ ಜೊತೆ ಜಗಳಕ್ಕೆ ನಿಂತವನೇ ಮೂರನೇ ಅಧ್ಯಾಯದಲ್ಲಿ ಹಾಡಿದ್ದು. ನನ್ನ ಮೂರು ತಿಂಗಳ ಸಿಟ್ಟಿಗೂ ಸತ್ಯವೇದದಲ್ಲಿ ಜಾಗ ಇದೆ ಅಂತ ಗೊತ್ತಾಗಿ ಎಷ್ಟು ಹಗುರ ಆಯ್ತು ಅಂತ ಹೇಳೋಕಾಗಲ್ಲ.

ಲಿಲಾವಿನಲ್ಲಿ ಯಾರ ಹತ್ರನೂ ದುಡ್ಡಿರಲಿಲ್ಲ. ಸೋರೆಕಾಯಿ ಅಪ್ಪ ಅರವತ್ತು ರೂಪಾಯಿಗೆ ಕೂಗಿ ತಗೊಂಡ್ರು. ಅವತ್ತು ರಾತ್ರಿ ಅವ್ವ ಅದರ ಪಲ್ಯ ಮಾಡಿ ಅರ್ಧ ಡಬ್ಬಿಗೆ ಹಾಕಿ ಆಯಿ ಮನೆಗೆ ಕಳಿಸಿದ್ಲು.

ಊಟ ಆದ ಮೇಲೆ ಅಪ್ಪನ ಹತ್ರ ಕೂತು ಇನ್ನೊಂದು ಮಾತು ಕೇಳಿದೆ. 126ನೇ ಕೀರ್ತನೆಯಲ್ಲಿ "ಅಳುತ್ತಾ ಬಿತ್ತುವವರು ಹಾಡುತ್ತಾ ಕೊಯ್ಯುವರು" ಅಂತ ಇದೆಯಲ್ಲ, ಬಿತ್ತುವಾಗ ಯಾಕೆ ಅಳಬೇಕು? ಬಿತ್ತನೆ ಅಂದ್ರೆ ಖುಷಿಯ ದಿನ ಅಲ್ವಾ? ಅಪ್ಪ ಮೂಲೆಯಲ್ಲಿದ್ದ ಬೀಜದ ಗಡಿಗೆ ತೋರಿಸಿದ್ರು. "ಮನ್ಯಾಗ ಹುಡುಗರು ಹಸಿದು ಮಲಗಿರ್ತಾವ. ಆ ಗಡಗ್ಯಾಗ ಕಾಳೈತಿ ಅಂತ ಅವಕ್ಕೂ ಗೊತ್ತು. ಅದನ್ನ ಕುದಿಸಿ ಹಾಕೂದು ಬಿಟ್ಟು ಮಣ್ಣಾಗ ಚೆಲ್ಲಬೇಕು. ಬರ್ತೈತೋ ಇಲ್ಲೋ ಯಾರಿಗೊತ್ತು? ಅಳೂ ಬರಂಗಿಲ್ಲೇನ?" ಅಂದ್ರು. ಧಾತು ಬರದ ಹುಡುಗನ ಮೊಮ್ಮಗನ ಮಗ ಹೇಳಿದ ಮಾತು ಅದು. ನಂಬಿಕೆ ಅಂದ್ರೆ ಮನಸ್ಸಿನ ಧೈರ್ಯ ಅಂತ ತಿಳ್ಕೊಂಡಿದ್ದೆ, ಅಪ್ಪನಿಗೆ ಅದು ಕೈಯ ಕೆಲಸ, ಕಣ್ಣಲ್ಲಿ ನೀರಿದ್ರೂ ಕೈ ತೆರೆಯೋದು.

2024ರಲ್ಲಿ ಮಳೆ ಚೆನ್ನಾಗಿ ಹಿಡೀತು. ಇದನ್ನ ಹೇಳೋಕೆ ಸ್ವಲ್ಪ ಹಿಂಜರಿತೀನಿ, ಯಾಕಂದ್ರೆ ಒಂದು ಸೇರು ಕೊಟ್ಟಿದ್ದಕ್ಕೆ ದೇವರು ಮಳೆ ಕೊಟ್ಟ ಅಂತ ಯಾರೂ ಲೆಕ್ಕ ಹಾಕಬಾರದು, ಬರದಿದ್ರೂ ಅಪ್ಪ ನವೆಂಬರಿನಲ್ಲಿ ಸೇರು ಅಳೀತಿದ್ರು. ಜೂನಿನಲ್ಲಿ ಮಕ್ಕಳನ್ನ ಕರ್ಕೊಂಡು ಬಿತ್ತನೆ ನೋಡೋಕೆ ಹೋಗಿದ್ದೆ. ಎತ್ತು ಪಕ್ಕದ ಮನೆಯ ಕಾಕಾರದ್ದು, ಕೂರಿಗೆ ನಮ್ಮದು, ಎರಡೂ ಹೊಲಕ್ಕೆ ಒಂದೇ. ಕಾಕಾ ತಮ್ಮ ಹೊಲದಲ್ಲಿ ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದು ಬಿತ್ತಿ ಬಂದಿದ್ರು, ನಮ್ಮ ಹೊಲಕ್ಕೆ ಬಂದಾಗ ಎತ್ತಿನ ಹಗ್ಗ ಹಿಡ್ಕೊಂಡು ಪಕ್ಕಕ್ಕೆ ನಿಂತ್ರು. ಅಪ್ಪ ತಲೆಯ ಟವಲ್ ತೆಗೆದು ಹೆಗಲ ಮೇಲೆ ಹಾಕ್ಕೊಂಡು, ಗಡಿಗೆಯಿಂದ ಒಂದು ಹಿಡಿ ಹೆಸರು ತಗೊಂಡು ಕಣ್ಣು ಮುಚ್ಚಿದ್ರು. ಕಾಕಾನೂ ಕೈ ಮುಗಿದು ನಿಂತಿದ್ರು. ಏನು ಪ್ರಾರ್ಥನೆ ಮಾಡಿದ್ರೋ ಗಾಳಿಗೆ ನನಗೆ ಕೇಳಿಸಲಿಲ್ಲ. ಆಮೆನ್ ಅಂದು ಕಾಳನ್ನ ಕೂರಿಗೆ ಬಟ್ಟಲಿಗೆ ಬಿಟ್ಟು, ಅಂಗೈಗೆ ಅಂಟಿದ್ದ ಒಂದು ಕಾಳನ್ನೂ ಬೆರಳಲ್ಲಿ ತೆಗೆದು ಅದರೊಳಗೇ ಹಾಕಿ, "ಹೂಂ, ಹೊಡಿ" ಅಂದ್ರು.