ಹೊಂಡದ ಕೆನ್ನೀರು, ಪಟಿಕ ಮತ್ತು ಐದು ಬಾಟಲಿ: ಮೂರನೇ ವಾರ

ಹೊಂಡದ ಕೆಸರು ನೀರನ್ನು ಡ್ರಿಪ್ಪಿಗೆ ಬಿಡುವ ಮೊದಲು ಪಟಿಕದಿಂದ ತಿಳಿ ಮಾಡಲು ನೋಡುತ್ತಿದ್ದೇನೆ. ಪಟಿಕ ಹಾಕದೆ ಸುಮ್ಮನೆ ಇಟ್ಟಿದ್ದ ಬಾಟಲಿಗೆ ಇವತ್ತಿಗೆ ಒಂಬತ್ತು ದಿನ. ಮರಳು ಮೊದಲ ನಿಮಿಷಗಳಲ್ಲೇ ತಳ ಸೇರಿತ್ತು. ಮೇಲಿನ ನೀರು ಮಾತ್ರ ಇನ್ನೂ ಚಹಾದ ಬಣ್ಣ. ಡ್ರಿಪ್ ಪೈಪಿನ ತೂತು ಕಟ್ಟಿಸುವ ಪುಣ್ಯಾತ್ಮ ಇವನೇ, ಈ ನಯ ಜೇಡಿ.

ಲೆಕ್ಕ ಹಾಕಿದರೆ 1 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಅಗಲದ ಕಣ ದಿನಕ್ಕೆ ಇಳಿಯುವುದು ಸುಮಾರು 8 ಸೆಂ.ಮೀ. ಅದರ ಹತ್ತರಲ್ಲೊಂದು ಗಾತ್ರದ್ದಾದರೆ ಒಂದು ಮಿ.ಮೀ. ಕೂಡ ಇಲ್ಲ. ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತಿರುವುದರಿಂದ ಹತ್ತಿರ ಬಂದಂತೆ ಒಂದನ್ನೊಂದು ತಳ್ಳುತ್ತವೆ, ಗಂಟು ಕಟ್ಟುವುದಿಲ್ಲ. ಪಟಿಕದ ಅಲ್ಯೂಮಿನಿಯಂ ಈ ಜಗಳ ಬಿಡಿಸುತ್ತದೆ. ಅಡುಗೆ ಉಪ್ಪಿನಿಂದಲೂ ಆಯಿತು, ಆದರೆ ಲೀಟರಿಗೆ 5 ಗ್ರಾಂ ಬೇಕಾಯಿತು. ಆ ನೀರನ್ನು ಗಿಡಕ್ಕೆ ಬಿಡುವಂತಿಲ್ಲ. ನದಿಯ ಕೆಸರು ಸಮುದ್ರ ಮುಟ್ಟಿದ ಕೂಡಲೇ ಕುಸಿಯುವುದೂ ಇದೇ ಉಪ್ಪಿನಾಟದಿಂದ.

ಭಾನುವಾರದ ಪರೀಕ್ಷೆ. 1 ಗ್ರಾಂ ಪಟಿಕವನ್ನು 100 ಮಿ.ಲೀ. ನೀರಲ್ಲಿ ಕರಗಿಸಿ ಸಿರಿಂಜಿನಲ್ಲಿ ಹಾಕಿದೆ. ಲೀಟರಿಗೆ 1 ಮಿ.ಲೀ. ಹಾಕಿದರೆ 10 ಮಿ.ಗ್ರಾಂ. ಐದು ಬಾಟಲಿಗೆ ಲೀಟರಿಗೆ 20, 40, 60, 80, 120 ಮಿ.ಗ್ರಾಂ. ಲೆಕ್ಕದಲ್ಲಿ ಹಾಕಿದೆ. ಒಂದು ನಿಮಿಷ ಜೋರಾಗಿ, ಆಮೇಲೆ ಕಾಲು ಗಂಟೆ ಮೆಲ್ಲಗೆ ಕಲಕಿದೆ. 60ರದ್ದು ನೋಡಬೇಕಿತ್ತು! ಮೊದಲು ಮಬ್ಬು, ಆಮೇಲೆ ರವೆಯಂಥ ಚುಕ್ಕೆ, ಕೊನೆಗೆ ಒಡೆದ ಹಾಲಿನಂತೆ ಗರಣೆ. ಅರ್ಧ ಗಂಟೆಗೆ ಬಾಟಲಿಯ ಹಿಂದಿಟ್ಟ ಪೇಪರಿನ ಸಣ್ಣಕ್ಷರ ಓದಲಿಕ್ಕೆ ಬಂತು.

120ರದ್ದು ಮಾತ್ರ ಕದಡಿಯೇ ಉಳಿಯಿತು. ಜಾಸ್ತಿ ಹಾಕಿದರೆ ಜಾಸ್ತಿ ತಿಳಿಯಾಗಬೇಕಲ್ಲ ಅಂತ ತಲೆ ಕೆರೆದುಕೊಂಡೆ. ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ 5ಕ್ಕಿಂತ ಕೆಳಗೆ, ಅಂದರೆ ನೀರು ಗರಣೆ ಕಟ್ಟದಷ್ಟು ಹುಳಿ. ಹೊಂಡದ್ದು ಬರೀ ಮಳೆನೀರು, ಪಟಿಕದ ಹುಳಿಯನ್ನು ತಡೆಯುವ ಕ್ಷಾರ ಅದರಲ್ಲಿ ಕಡಿಮೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕಲಕಿದೆ, ಅದೂ ಗಂಟು ಕಟ್ಟಿತು.

ಈ ಮಧ್ಯೆ ಮಗ 80ರ ಬಾಟಲಿ ಎತ್ತಿ ಮಜ್ಜಿಗೆ ಕಡೆದಂತೆ ಕುಲುಕಿಬಿಟ್ಟ. ಗರಣೆ ಪುಡಿಪುಡಿ, ಮತ್ತೆ ಸರಿಯಾಗಿ ಕೂಡಲೇ ಇಲ್ಲ. ಹೀಗಾಗಿ ಆ ಲೆಕ್ಕ ಬಿಟ್ಟಿದ್ದೇನೆ.

ನುಗ್ಗೆ ಬೀಜದ ಪುಡಿಯನ್ನೂ ನೋಡಿದೆ. ಅದರ ಪ್ರೋಟೀನಿಗೆ ಧನ ವಿದ್ಯುದಂಶವಿದೆ. ಕೆಲಸ ಆಯಿತು, ಆದರೆ ಗರಣೆ ಸಣ್ಣದು, ಮೂರು ದಿನಕ್ಕೆ ನೀರು ವಾಸನೆ.

ಮುಂದಿನ ವಾರ 200 ಲೀಟರ್ ಡ್ರಮ್ಮಿಗೆ 12 ಗ್ರಾಂ ಪಟಿಕ. ನಲ್ಲಿಯನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿದ್ದೇನೆ. ಕಲಕುವುದಕ್ಕೆ ಉದ್ದ ಬಿದಿರು ಸಿಕ್ಕಿದೆ, ಮಗನಿಗೆ ಕೊಡುವುದಿಲ್ಲ.